ಇಪ್ಪತ್ತೊಂಬತ್ತು ಗಂಟೆ ನಡೆದ ಫ್ರಿಜ್

ನಾಗಜ್ಯೋತಿ ಬಂದಾಗ ನಾನೂ ಉಚ್ಚೀರಪ್ಪನೂ ಊಟ ಮುಗಿಸಿ ಅಡ್ಡಾಗಿದ್ದೆವು. ಲೈನ್‌ಮನ್ ಕೆಲಸದಿಂದ ಇಬ್ಬರೂ ನಿವೃತ್ತರಾಗಿ ಆರು ವರ್ಷವಾದರೂ ಆದವಾನಿಯ ಜನ ನಮ್ಮನ್ನು ಬಿಟ್ಟಿಲ್ಲ. ಕರೆಂಟು ಹೋದರೂ ಉಚ್ಚೀರಪ್ಪನೇ ಬೇಕು, ಕಳವಾದರೂ ಅವನೇ ಬೇಕು. ನನಗಂತೂ ಸಾಕಾಗಿತ್ತು.

ಆಕೆ ಹತ್ತಿ ವ್ಯಾಪಾರದ ಪಂಪಮ್ಮನ ಮನೆಗೆಲಸದವಳು. ಮನೆಯವರು ಗುರುವಾರ ಮದುವೆಗೆಂದು ಕೋಸಗಿಗೆ ಹೋಗಿ ಶನಿವಾರ ಮರಳಿದರೆ, ಪಶುವೈದ್ಯೆಯಾದ ಸೊಸೆ ಅಶ್ವಿನಿ ಫ್ರಿಜ್‌ನಲ್ಲಿಟ್ಟಿದ್ದ ಕುರಿ ಲಸಿಕೆಯೆಲ್ಲ ಕೆಟ್ಟಿತ್ತು. ಫ್ರಿಜ್‌ನೊಳಗಿನ ತಾಪಮಾಪಕದ ದಾಖಲೆಯಂತೆ ಅದು ನಿಂತದ್ದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗ ತನ್ನ ಬಳಿ ಬಿಟ್ಟುಹೋಗಿದ್ದ ಕೀಲಿಯಿಂದ ಮನೆ ತೆರೆದು ಕಸ ಗುಡಿಸುತ್ತಿದ್ದವಳು ನಾಗಜ್ಯೋತಿ ಒಬ್ಬಳೇ. ಸ್ವಿಚ್ಚು ಮುಟ್ಟಿದ್ದು ಅವಳೇ ಎಂದು ಕೆಲಸ ಬಿಡಿಸಿದ್ದರು. ಬೇರೆ ಮನೆಯಲ್ಲಿ ಕೆಲಸ ಸಿಗದಿದ್ದರೆ ಮಗಳ ಶಾಲೆ ಬಿಡಿಸಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗಬೇಕು ಎಂದಳು. ನಾನೇ ಮೊದಲು ಎದ್ದೆ. ಚಪ್ಪಲಿ ಹುಡುಕಿದೆ.

ಸಂಜೆ ಎಲ್ಲರೂ ಪಂಪಮ್ಮನ ಮನೆಯ ಪಡಸಾಲೆಯಲ್ಲಿ ಸೇರಿದರು. ಉಚ್ಚೀರಪ್ಪ ಇನ್ವರ್ಟರಿನ ಗುಂಡಿ ಒತ್ತುತ್ತ ಹಳೆಯ ದಾಖಲೆ ನೋಡಿದ. ಬೀಗ ಹಾಕುವಾಗ ಫ್ರಿಜ್ ನಡೆಯುತ್ತಿತ್ತೇ ಎಂದು ಪಂಪಮ್ಮನನ್ನು ಕೇಳಿದ. ಕೊನೆಗೆ ತಾನೇ ತೆರೆದು ನೋಡಿದ್ದೆ, ದೀಪ ಉರಿಯುತ್ತಿತ್ತು ಎಂದರು ಆಕೆ.

"ಅದಕ್ಕ ಮೊದಲು ಮೇನ್ ಇಳಿಸಿದ್ರೇನ್ರಿ?"

"ಇಳಿಸೇ ಇಳಿಸ್ತೀವಿ. ಹತ್ತಿ ಗೋದಾಮಿನ ಮಂದಿ ನಾವು, ಬೆಂಕಿ ಭಯ. ಬೋರ್ಡಿನ್ಯಾಗಿನ ಎಲ್ಲಾ ಹಿಡಿಕಿ ಇಳಿಸೇ ಬೀಗ ಹಾಕೋದು. ಬಂದ ಕೂಡ್ಲೆ ಏರಿಸ್ತೀವಿ."

ಉಚ್ಚೀರಪ್ಪ ಕುರ್ಚಿ ಎಳೆದುಕೊಂಡು ಕೂತ.

"ಇದು ಹೈಬ್ರಿಡ್ ಇನ್ವರ್ಟರ್. ಇದಕ್ಕ ಮೂರು ದಾರಿ ಐತಿ. ಮಾಳಿಗಿ ಮ್ಯಾಲಿನ ಬಿಸಿಲು, ಕಂಬದ ಕರೆಂಟು, ಬ್ಯಾಟರಿ. ಮೊದಲಿನ ಎರಡೂ ನಿಂತ್ರ ಸದ್ದಿಲ್ಲದಂಗ ಬ್ಯಾಟರಿಗೆ ಹೋಗ್ತದ. ದೀಪ ಮಿಣುಕೋದೂ ಇಲ್ಲ. ಮೇನ್ ಒಂದೇ ಇಳಿಸಿದ್ರ ಹಗಲೆಲ್ಲ ಬಿಸಿಲು ಬ್ಯಾಟರಿ ತುಂಬ್ತಿತ್ತು. ಪಕ್ಕದ ಹಿಡಿಕಿ ಸೋಲಾರ್ ಪ್ಯಾನೆಲ್‌ದು, ಅದನ್ನೂ ಇಳಿಸೀರಿ; ಬ್ಯಾಟರಿಗೆ ಆ ಬೋರ್ಡಿನ್ಯಾಗ ಹಿಡಿಕಿ ಇಲ್ಲ. ಗುರುವಾರ ಬೆಳಿಗ್ಗೆ ಆರಕ್ಕ ಎರಡೂ ಒಂದೇ ನಿಮಿಷಕ್ಕ ನಿಂತಾವ, ಇಲ್ಲಿ ಬರದೈತಿ. ನೀವು ನೋಡಿದ್ದು ಬ್ಯಾಟರಿ ದೀಪ. ಅದು ಇಪ್ಪತ್ತೊಂಬತ್ತು ತಾಸು ಫ್ರಿಜ್ ನಡೆಸಿ ಶುಕ್ರವಾರ ಹನ್ನೊಂದಕ್ಕ ಖಾಲಿ ಆತು. ಈಕಿ ಆಗ ಅಲ್ಲಿದ್ಲು, ಅಷ್ಟೇ."

ಅಶ್ವಿನಿ ಅತ್ತೆಯ ಮುಖ ನೋಡಿದಳು. ಪಂಪಮ್ಮ ನಾಗಜ್ಯೋತಿಯ ಕಡೆ ತಿರುಗಿ, ನಾಳೆಯಿಂದ ಕೆಲಸಕ್ಕೆ ಬಾ ಎಂದರು.

"ಬರ್ತೀನ್ರಿ," ಎಂದಳು ನಾಗಜ್ಯೋತಿ. "ನಾ ಮುಟ್ಟಿಲ್ಲಂತ ಅವತ್ತಿಂದ ಹೇಳಾಕತ್ತೀನಿ. ಆ ಇನ್ವರ್ಟರ್ ಡಬ್ಬಿ ಹೇಳಿದ ಮ್ಯಾಲ ನಂಬಿದ್ರಿ."

ಆಕೆ ನಾಳೆಯವರೆಗೂ ಕಾಯದೆ ಮೂಲೆಯ ಪೊರಕೆ ತೆಗೆದುಕೊಂಡಳು. ಅವಳನ್ನು ಬಿಡಿಸಿದ ಮೇಲೆ ಆ ಮನೆಯ ಕಸ ಯಾರೂ ಗುಡಿಸಿರಲಿಲ್ಲ.