ಮನೆಯಲ್ಲಿ ಓದಿದ ಹುಡುಗಿಯ ಅಕ್ಕ

"ಮನ್ಯಾಗ ಕುಂತು ಓದಿದವರು ಹತ್ತನೇದು ಗಣಿತ ಬರೀತಾರಂತ, ಕೇಳ್ರಿ ಇಲ್ಲಿ."

ಚಿತ್ತಾಪುರದ ಆ ಹೈಸ್ಕೂಲಿನ ಆಫೀಸಿನಲ್ಲಿ ಹೆಡ್‌ಮಾಸ್ತರು ಹೀಗೆಂದಾಗ ಸಂಘಮಿತ್ರಾಳ ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಅವರ ಪಕ್ಕದಲ್ಲಿ ಕುಳಿತಿದ್ದ ನೀಲಿ ಶರ್ಟಿನ ಮಾಸ್ತರು ತಲೆ ತಗ್ಗಿಸಿ ನಕ್ಕದ್ದು ಕಂಡು.

ಅವಳು ವಾಡಿ–ಸೇಡಂ ಬಸ್ಸಿನ ಕಂಡಕ್ಟರ್. ಡ್ಯೂಟಿ ನಡುವಿನ ಬಿಡುವಿನಲ್ಲಿ ಖಾಕಿ ಅಂಗಿಯಲ್ಲೇ ಬಂದಿದ್ದಳು. ತಂಗಿ ಲುಂಬಿನಿಯನ್ನು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಬೇಕಿತ್ತು. ಅರ್ಜಿಯನ್ನು ಯಾವುದಾದರೊಂದು ಹೈಸ್ಕೂಲಿನವರು ತೆಗೆದುಕೊಂಡು ಮುಂದಕ್ಕೆ ಕಳಿಸಬೇಕು.

"ಮುಂದಿನ ವಾರ ಬರ್ರಿ ನೋಡೂಣು," ಅಂದರು ಹೆಡ್‌ಮಾಸ್ತರು.

ಸಂಘಮಿತ್ರಾ ನೀಲಿ ಶರ್ಟಿನ ಕಡೆ ತಿರುಗಿದಳು. "ನಗ್ರಿ ಸರ್, ನಗ್ರಿ. ಸಾಲಿಯವರು ಹೊರಗ ಹಾಕಿದ ಹುಡುಗಿ ಮನ್ಯಾಗ ಓದಲಾರದ ಮತ್ತೆಲ್ಲಿ ಓದಬೇಕು? ಅದನ್ನೂ ಸ್ವಲ್ಪ ಹೇಳ್ರಿ."

ಅವನ ಉತ್ತರಕ್ಕೆ ಕಾಯದೆ ಹೊರಟುಹೋದಳು.

ಎಂಟನೇ ತರಗತಿಯಲ್ಲಿದ್ದಾಗ ಲುಂಬಿನಿಗೆ ಕ್ಲಾಸಿನಲ್ಲೇ ಫಿಟ್ಸ್ ಬಂದಿತ್ತು. ಅವಳು ಓದುತ್ತಿದ್ದ ಖಾಸಗಿ ಶಾಲೆಯವರು ಅಪ್ಪ ದೇವಿಂದ್ರಪ್ಪನನ್ನು ಕರೆಸಿ, ಉಳಿದ ಮಕ್ಕಳು ಹೆದರುತ್ತಾರೆ ಎಂದು ಟಿಸಿ ಕೈಗಿತ್ತರು. ಗುಳಿಗೆಯಿಂದ ಫಿಟ್ಸ್ ನಿಂತಿತು. "ಆಕಿಗಿ ಗಾಳಿ ಹಿಡದದ" ಎಂದು ಗೆಳತಿಯರು ಆಡಿದ ಮಾತು ಮಾತ್ರ ಹುಡುಗಿಯ ಕಿವಿಯಿಂದ ಹೋಗಲಿಲ್ಲ. ಬೇರೆ ಯಾವ ಶಾಲೆಗೂ ಹೋಗುವುದಿಲ್ಲ ಎಂದು ಹಟ ಹಿಡಿದಳು. ಅಂದಿನಿಂದ ವಾಡಿಯ ಮನೆಯ ಶಹಾಬಾದ ಕಲ್ಲಿನ ನೆಲವೇ ಕರಿಹಲಗೆ. ಡ್ಯೂಟಿ ಮುಗಿಸಿ ಬಂದ ಅಕ್ಕನೇ ಟೀಚರ್.

ಮರುದಿನ ಬೆಳಿಗ್ಗೆ ಚಿತ್ತಾಪುರದಲ್ಲಿ ಅದೇ ನೀಲಿ ಶರ್ಟು ಬಸ್ಸು ಹತ್ತಿತು. ಸಂಘಮಿತ್ರಾ ಅವನ ಮುಖ ನೋಡದೆ ಕೇಳಿದಳು, "ಎಲ್ಲಿಗಿ?"

"ಸೇಡಂ. ಸಾಲಿ ಕೆಲಸ ಅದ. ಮೇಡಂ, ನಿನ್ನಿ ನಾ ನಕ್ಕಿದ್ದು ನಿಮಗಲ್ರಿ."

"ಮತ್ಯಾರಿಗಿ? ಗ್ವಾಡಿಗೇನು?"

"ಹೆಡ್‌ಮಾಸ್ತರಿಗಿ. ಅವರ ಮಗನೂ ಈ ವರ್ಷ ಹತ್ತನೇ ಕ್ಲಾಸ್. ಸಾಲಿ ಮುಖ ನೋಡಂಗಿಲ್ಲ. ಮನ್ಯಾಗೇ ಕುಂತು ಟ್ಯೂಷನ್ನಿನಾಗ ಓದತಾನ. ಹಾಜರಿ ಮಾತ್ರ ಪೂರ್ತಿ."

ಟಿಕೆಟ್ ಹರಿಯುತ್ತಿದ್ದ ಅವಳ ಕೈ ನಿಂತಿತು. ಆಗ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣು, ಕಾಲರಿನ ಮೇಲೆ ಚಾಕ್‌ಪೀಸಿನ ಧೂಳು.

"ಇನ್ನೊಂದು ಮಾತು," ಅಂದ ಅವನು, ದನಿ ತಗ್ಗಿಸಿ. "ಈ ಶನಿವಾರ ಅರ್ಜಿ ಕಳಿಸಲಿಕ್ಕ ಕಡೀ ದಿನ. ಮುಂದಿನ ವಾರ ಹೋದರ ನಿಮ್ಮ ತಂಗಿದು ಈ ವರ್ಷ ಹೋದಂಗೇ."

"ಅದು ಅವರಿಗಿ ಗೊತ್ತದ?"

"ಗೊತ್ತಿದ್ದೇ ಹೇಳ್ಯಾರ."

"ಹಂಗಾದರ ಇವತ್ತೇ ಮಧ್ಯಾಹ್ನ ಹೋಗತೀನಿ," ಅಂದಳು.

ಅವಳು ಅಂದೇ ಮಧ್ಯಾಹ್ನ ಮತ್ತೆ ಆ ಆಫೀಸಿಗೆ ಹೋದಳು. ಹೆಡ್‌ಮಾಸ್ತರ ಎದುರಿನ ಕುರ್ಚಿ ಎಳೆದು ಕುಳಿತಳು. "ತಗೋತೀರೋ, ಇಲ್ಲ ತಗೊಳ್ಳಂಗಿಲ್ಲ ಅಂತ ಬರೆದು ಸಹಿ ಮಾಡಿ ಕೊಡತೀರೋ? ಎರಡರಾಗ ಒಂದು ಆಗೋತನಾ ನಾ ಏಳಂಗಿಲ್ಲ."

"ಟಿಸಿಯಾಗ ಫಿಟ್ಸ್ ಅಂತ ಬರದಾರ. ಹುಡುಗಿ ಹಾಲ್‌ನ್ಯಾಗ ಬಿದ್ದರ ಜವಾಬ್ದಾರಿ ಯಾರು? ಫೇಲಾದರ ನಮ್ಮ ಸಾಲಿ ರಿಸಲ್ಟ್ ಗತಿ ಏನು?"

ಬಾಗಿಲಿನಿಂದ ದನಿ ಬಂತು. "ಪ್ರೈವೇಟ್ ಹುಡುಗರ ರಿಸಲ್ಟ್ ನಮ್ಮ ಸಾಲಿ ಲೆಕ್ಕಕ್ಕ ಬರಂಗಿಲ್ಲ ಸರ್." ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕಿದ್ದ ನೀಲಿ ಶರ್ಟಿನ ಮಾಸ್ತರು, ಗಣಿತದ ಸಿದ್ಧಲಿಂಗ, ಅಲ್ಲಿ ನಿಂತಿದ್ದ. ಸೇಡಮಿನಿಂದ ಕೆಲಸ ಬಿಟ್ಟು ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಆಫೀಸಿನವರೆಲ್ಲ ತಲೆಯೆತ್ತಿ ನೋಡಿದರು. ಹೆಡ್‌ಮಾಸ್ತರು ಹಲ್ಲು ಕಚ್ಚಿಕೊಂಡೇ ಅರ್ಜಿ ತೆಗೆದುಕೊಂಡರು.

ಹೊರಗೆ ಬಂದ ಮೇಲೆ ಅವನು ಕೇಳಿದ, "ಗಣಿತ ಯಾರು ಕಲಸ್ತಾರ?"

"ನಾನೇ. ದಯಾ ತೋರಿಸಾಕ ಬರಬ್ಯಾಡ್ರಿ."

"ದಯಾ ಅಲ್ರಿ. ಐತವಾರ ನನಗ ಕೆಲಸ ಇರಂಗಿಲ್ಲ."

ಆ ಭಾನುವಾರ ಅವನು ವಾಡಿಗೆ ಬಂದ. ಆಮೇಲೆ ಬಿಡದೆ ಬಂದ. ನೆಲದ ಮೇಲೆ ಮಂಡಿಯೂರಿ ತ್ರಿಭುಜ ಬರೆಯುತ್ತಿದ್ದ. ಅವನು ಉತ್ತರ ಹೇಳುವ ಮೊದಲೇ ಲುಂಬಿನಿ "ಯಾಕ?" ಎಂದು ಕೇಳುತ್ತಿದ್ದಳು. ಅವನು ಸಂತೋಷದಿಂದ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಚಹಾ ತಂದಿಟ್ಟು ಸಂಘಮಿತ್ರಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವಳು. ಅವನು ತಲೆಯೆತ್ತಿದರೆ ಅವಳ ನೋಟ ತ್ರಿಭುಜದ ಮೇಲೆ; ಅವನು ತ್ರಿಭುಜಕ್ಕೆ ಬಾಗಿದರೆ ಅವಳ ನೋಟ ಅವನ ಮೇಲೆ.

"ಅಕ್ಕಾ," ಅಂದಳು ಲುಂಬಿನಿ ಒಮ್ಮೆ, "ನೀನೂ ಬಂದು ಕುಂದ್ರು. ಪಾಠ ನಿನಗೇ ಭಾಳ ಬೇಕಾಗ್ಯಾದ."

"ಬಾಯಿ ಮುಚ್ಚಿ ಲೆಕ್ಕ ಮಾಡು," ಎಂದು ಗದರಿದಳು ಅಕ್ಕ. ಸಿದ್ಧಲಿಂಗನ ಕಿವಿ ಕೆಂಪಾಗಿತ್ತು. ಚಹಾ ಆರಿಹೋಗಿತ್ತು.

ಗಣಿತದ ಪರೀಕ್ಷೆಯ ದಿನ ಸಂಘಮಿತ್ರಾ ರಜೆ ಹಾಕಿ ಚಿತ್ತಾಪುರದ ಕೇಂದ್ರದ ಗೇಟಿನ ಹೊರಗೆ ಕಾದಳು. ಸಿದ್ಧಲಿಂಗನಿಗೆ ಸೇಡಮಿನಲ್ಲಿ ಪರೀಕ್ಷೆಯ ಡ್ಯೂಟಿ ಬಿದ್ದಿತ್ತು. ಪರೀಕ್ಷೆ ಮುಗಿಸಿ ಬಂದ ಲುಂಬಿನಿಯ ಮುಖ ಬಿಗಿದಿತ್ತು.

"ಪೇಪರ್ ಛಲೋ ಆಯ್ತು. ಆದರ ನನ್ನ ಬೆಂಚು ವರಾಂಡದಾಗ ಹಾಕಿದ್ರು ಅಕ್ಕಾ. ಉಳದ ಹುಡುಗರಿಗಿ ತೊಂದರೆ ಆಗಬಾರದಂತ."

ಸಂಘಮಿತ್ರಾ ತಂಗಿಯ ಭುಜ ಹಿಡಿದಳು. "ನೀ ಅಲ್ಲೇ ಬರದಿ?"

"ಇಲ್ಲ. ನಿಂತೇ ಇದ್ದೆ. ಒಳಗ ನನ್ನ ನಂಬರಿನ ಜಾಗಾ ಖಾಲಿ ಅದ, ಅಲ್ಲೇ ಬರೀತೀನಿ ಅಂದೆ. ಟೈಮ್ ಹೋಗತದ ಅಂದ್ರು. ಹೋಗಲಿ ಅಂದೆ. ಕಡೀಗಿ ಒಳಗ ಬಿಟ್ರು. ಅದರಾಗ ಒಂದು ಲೆಕ್ಕ ಉಳೀತು."

ಆ ಒಂದು ಲೆಕ್ಕದ ಸಿಟ್ಟು ಸಂಘಮಿತ್ರಾಳ ತಲೆಗೇರಿತು. ಬಸ್‌ಸ್ಟ್ಯಾಂಡಿನಲ್ಲಿ ವಾಡಿ ಬಸ್ಸಿಗೆ ಗಂಟೆಗಟ್ಟಲೆ ಕಾಯುತ್ತಿದ್ದಾಗ, ಸೇಡಂ ಬಸ್ಸಿನಿಂದ ಇಳಿದ ಸಿದ್ಧಲಿಂಗನೇ ಎದುರು ಸಿಕ್ಕ. ಅವನ ಮೇಲೇ ಅದನ್ನೆಲ್ಲ ಸುರಿದಳು.

"ನಿಮ್ಮ ಮಂದಿಗಿ ನಾಚಿಕಿ ಆಗಂಗಿಲ್ಲೇನ್ರಿ? ಸಾಲಿಯಿಂದ ಹೊರಗ, ಈಗ ಹಾಲ್‌ನಿಂದ ಹೊರಗ. ಆಕಿ ಏನು ಕದ್ದಾಳ, ಏನು ತಪ್ಪು ಮಾಡ್ಯಾಳ? ಮನ್ಯಾಗ ಕುಂತು ಓದ್ಯಾಳ, ಅಷ್ಟೇ."

ಅವನು ಅಂದ, "ಇದರ ಬಗ್ಗೆ ನಾ ಸುಮ್ಮ ಕೂಡಂಗಿಲ್ಲ. ನಾಳೆ ಇಬ್ಬರೂ ಹೋಗಿ ದೂರು ಕೊಡೂಣು." ಕನ್ನಡಕ ತೆಗೆದು ಒರೆಸುತ್ತ, "ನಿನ್ನಿ ಊರಿಗಿ ಹೋದಾಗ ನಮ್ಮವ್ವಗ ನಿಮ್ಮ ವಿಷಯ ಹೇಳೀನಿ," ಅಂದ.

"ನನ್ನ ವಿಷಯ? ಏನದು?"

"ಲಗ್ನ ಆದರ ನಿಮ್ಮನ್ನೇ ಅಂತ."

ಲುಂಬಿನಿ ಪಕ್ಕದ ಅಂಗಡಿಯ ಸೌತೆಕಾಯಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಸಂಘಮಿತ್ರಾಳ ದನಿ ಸಣ್ಣದಾಯಿತು, ಸಿಟ್ಟು ಸಣ್ಣದಾಗಲಿಲ್ಲ. "ನನಗ ಕೇಳಲಾರದ ನಿಮ್ಮವ್ವಗ ಹೇಳೀರಿ?"

"ನಿಮಗ ಕೇಳಾಕ ಧೈರ್ಯ ಸಾಲಲಿಲ್ರಿ. ನಮ್ಮವ್ವನ ಮುಂದ ಅದು ಸ್ವಲ್ಪ ಜಾಸ್ತಿ ಅದ."

"ಅವರೇನಂದ್ರು?"

"ಮೊದಲಿಗಿ ಜಾತಿ ಕೇಳಿದಳು. ಗ್ವಾಡಿಗಿ ಬಸವಣ್ಣನ ಫೋಟೋ ಯಾಕ ಹಾಕೀಯವ್ವಾ ಅಂದೆ. ಆಮ್ಯಾಲ, ಅವರ ಮನ್ಯಾಗ ಫಿಟ್ಸ್ ಅದ ಅಂತಲ್ಲ ಅಂದಳು. ಆ ಹುಡುಗಿ ನನ್ನ ಕ್ಲಾಸಿನಾಗಿದ್ದರ ಸಾಲಿಗೇ ಫಸ್ಟ್ ಬರತಿದ್ದಳು ಅಂದೆ. ಈಗ ನನ್ನ ಜೋಡಿ ಮಾತು ಬಿಟ್ಟಾಳ."

ಇಷ್ಟು ವರ್ಷ ಲುಂಬಿನಿಗಾಗಿ ಸಂಘಮಿತ್ರಾ ಒಬ್ಬಳೇ ಜಗಳಾಡಿದ್ದಳು. ಈಗ ಇನ್ನೊಬ್ಬ ತನ್ನ ಮನೆಯಲ್ಲೇ ಜಗಳಾಡಿ ಬಂದಿದ್ದ. ಕಣ್ಣು ತುಂಬಿದ್ದನ್ನು ಅವನು ಕಾಣಬಾರದೆಂದು ಬಸ್ಸು ಬರುವ ದಿಕ್ಕಿಗೆ ತಿರುಗಿದಳು.

ವಾಡಿ ಬಸ್ಸು ಬಂತು. ಅಕ್ಕತಂಗಿಯರು ಹತ್ತಿ ಕುಳಿತರು. ಚಿತ್ತಾಪುರದಲ್ಲೇ ರೂಮು ಮಾಡಿಕೊಂಡಿದ್ದ ಸಿದ್ಧಲಿಂಗನೂ ಹತ್ತಿದ. "ನಿಮ್ಮಪ್ಪಾರನ್ನ ಕಾಣಬೇಕು," ಎಂದು ಮೆಲ್ಲಗೆ ಹೇಳಿ, ಸಂಘಮಿತ್ರಾಳ ಪಕ್ಕದ ಖಾಲಿ ಜಾಗದಲ್ಲಿ ಅಂಜುತ್ತ ಕುಳಿತ.

ಆ ಬಸ್ಸಿನ ಕಂಡಕ್ಟರ್ ಹಮೀದಾಬೇಗಂ, ಸಂಘಮಿತ್ರಾಳ ಡಿಪೋದ ಗೆಳತಿ. ನೇರ ಅವನ ಬಳಿ ಬಂದು ನಿಂತಳು. "ಏಳ್ರಿ ಸರ್. ಇದು ಹೆಣ್ಮಕ್ಕಳ ಸೀಟು."

ಅವನು ಗಡಬಡಿಸಿ ಎದ್ದ. ಸಂಘಮಿತ್ರಾ ಅವನ ತೋಳು ಹಿಡಿದು ಮತ್ತೆ ಕೂರಿಸಿದಳು. ಬಸ್ಸಿನ ಮಂದಿಯೆಲ್ಲ ನೋಡುತ್ತಿದ್ದರು. ನೋಡಲಿ ಅನ್ನಿಸಿತು.

"ಕುಂತಿರಲಿ ಬಿಡು ಆಪಾ," ಅಂದಳು, ತೋಳಿನ ಮೇಲಿನ ಕೈ ತೆಗೆಯದೆ. "ನನ್ನ ಜೋಡಿ ಇದ್ದಾರ."