ಕಸಕ್ಕೆ ಹೋದ ಕಪ್ಪು ಚುಕ್ಕೆ

"ಈ ಬೆರಳು ಕತ್ತರಿಸ್ತಾರಂತೆ. ನಿಮ್ಮ ರಿಪೋರ್ಟಲ್ಲಿ ಏನೂ ಇಲ್ಲವಂತೆ. ಏನೂ ಇಲ್ಲದ್ದಕ್ಕೆ ಬೆರಳು ಯಾಕೆ ಕತ್ತರಿಸ್ಬೇಕು ಮೇಡಂ?"

ಆಸ್ಪತ್ರೆಯ ಲ್ಯಾಬಿನ ಕಿಟಕಿಯೊಳಗೆ ಅವನ ಬಲಗೈ ಚಾಚಿತ್ತು. ತೋರುಬೆರಳಿನ ಬುಡದಲ್ಲಿ ಗೋಲಿಯಷ್ಟು ಗಂಟು. ಅವನು ಬಡಗಿ. ಮೂರು ತಿಂಗಳ ಹಿಂದೆ ಹಳೇ ಬಾಗಿಲಿನ ಸಿಬಿರು ಚುಚ್ಚಿತ್ತು. ಕೊಟ್ಟ ಮಾತ್ರೆ ಯಾವುದೂ ನಾಟಿರಲಿಲ್ಲ; ಗಂಟು ಬೆಳೆಯುತ್ತಲೇ ಇತ್ತು.

ಕಿಟಕಿಯ ಒಳಗಿದ್ದ ಲ್ಯಾಬ್ ಟೆಕ್ನಿಷಿಯನ್ ಅವಳು; ಚೀಟಿಯ ನಂಬರು ಓದಿದಳು.

ಆ ನಂಬರಿನ ಪ್ಲೇಟು ಅವಳಿಗೆ ನೆನಪಿತ್ತು. ಬೆರಳಿನ ಗಂಟಿನಿಂದ ತೆಗೆದ ಚೂರಿನಲ್ಲಿ ಯಾವ ರೋಗಾಣು ಇದೆ ಎಂದು ತಿಳಿಯಲು, ಅದನ್ನು ಆ ಪ್ಲೇಟಿನಲ್ಲಿ ಬೆಳೆಯಲು ಇಟ್ಟವಳೂ ಅವಳೇ. ಒಂಬತ್ತನೇ ದಿನ ಕಪ್ಪು ಬೂಷ್ಟು ಎದ್ದಿತ್ತು. ಗಾಳಿಯಿಂದ ಬಿದ್ದ ಬೂಷ್ಟು ಲ್ಯಾಬಿನಲ್ಲಿ ದಿನನಿತ್ಯದ ಕಾಟ. ಇದೂ ಅದೇ ಎಂದುಕೊಂಡು ಕಸಕ್ಕೆ ಹಾಕಿ, 'ಏನೂ ಬೆಳೆದಿಲ್ಲ' ಎಂದು ಬರೆದಿದ್ದಳು.

ಅದು ಸಿಬಿರಿನ ಜೊತೆ ಬೆರಳೊಳಗೆ ಹೊಕ್ಕ ಬೂಷ್ಟೇ ಆಗಿದ್ದರೆ...?

ನೇರ ಸರ್ಜನ್ ಬಳಿ ಹೋದಳು.

"ತಪ್ಪು ನನ್ನದು ಸರ್. ಪ್ಲೇಟಿನಲ್ಲಿ ಎದ್ದ ಬೂಷ್ಟನ್ನು ಕಸಕ್ಕೆ ಹಾಕಿದೆ. ಇನ್ನೊಂದು ಚೂರು ತೆಗೆದುಕೊಡಿ. ಹದಿನೈದು ದಿನ ಬೆರಳು ಕತ್ತರಿಸಬೇಡಿ."

"ಬೂಷ್ಟು ಎಲ್ಲಾ ಕಡೆ ಇರುತ್ತಮ್ಮಾ."

"ಇರುತ್ತೆ ಸರ್. ಈ ಸಲ ಅದು ಎಲ್ಲಿಂದ ಏಳುತ್ತೆ ಅಂತ ನೋಡ್ತೀನಿ."

ಮೂರು ಪ್ಲೇಟಿನಲ್ಲಿ ಚೂರು ಇಟ್ಟಳು. ಇಟ್ಟ ಜಾಗಕ್ಕೆ ತಳದಲ್ಲಿ ಪೆನ್ನಿನಿಂದ ಸುತ್ತು ಹಾಕಿದಳು. ಗಾಳಿಯ ಬೂಷ್ಟಾದರೆ ಎಲ್ಲಾದರೂ ಎದ್ದೀತು. ಬೆರಳಿನದ್ದಾದರೆ ಸುತ್ತಿನೊಳಗೇ.

ಅವನು ದಿನ ಬಿಟ್ಟು ದಿನ ಬಂದ.

"ಏನಂತೆ ನಮ್ಮ ಬೆಳೆ?"

"ಇನ್ನೂ ಮೊಳಕೆ ಇಲ್ಲ."

"ನಿಮ್ಮ ಸ್ಟೂಲಿನ ಒಂದು ಕಾಲು ಗಿಡ್ಡ. ಅದಕ್ಕೆ ಕಾಗದ ಬೇರೆ ಮಡಚಿ ಇಟ್ಟಿದೀರಿ. ನೋಡಿದ್ರೆ ಮೈ ಉರಿಯುತ್ತೆ."

"ಬೆರಳು ಸರಿಹೋಗ್ಲಿ, ಆಮೇಲೆ ಉರ್ಕೊಳ್ಳಿ."

ಅವನು ನಕ್ಕ. ಅವನು ಬಾರದ ದಿನವೂ ತನ್ನ ಕಣ್ಣು ಕಿಟಕಿಗೇ ಹೋಗುವುದನ್ನು ಅವಳು ಗಮನಿಸಿದಳು. ಇದೇನು ಹುಚ್ಚು...

ಹನ್ನೊಂದನೇ ದಿನ, ಮೂರು ಸುತ್ತಿನೊಳಗೂ ಕಪ್ಪು ಚುಕ್ಕೆ!

ಮೈಕ್ರೋಸ್ಕೋಪಿನಲ್ಲಿ ಚೂರಿನ ಒಳಗೇ ಬೂಷ್ಟಿನ ಕಂದು ಎಳೆಗಳು ಕಂಡವು. ಇನ್ನು ಅನುಮಾನವಿರಲಿಲ್ಲ.

"ಬೆರಳು ಉಳಿಯುತ್ತೆ," ಎಂದಳು ಅವನಿಗೆ. "ಗಂಟು ಮಾತ್ರ ತೆಗೀತಾರೆ. ಆರು ತಿಂಗಳು ಬೂಷ್ಟು ಕೊಲ್ಲೋ ಮಾತ್ರೆ. ಒಂದು ದಿನವೂ ತಪ್ಪಿಸೋ ಹಾಗಿಲ್ಲ."

ಅವನ ಮುಖ ಅರಳಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

"ಇದು ಮೊದಲನೇ ಸಲವೇ, ಒಂಬತ್ತನೇ ದಿನ ಬೆಳೆದಿತ್ತು. ನಾನೇ ಕಸಕ್ಕೆ ಹಾಕಿದ್ದೆ."

ಅವನು ಅವಳನ್ನೇ ನೋಡಿದ. ಚೀಟಿ ಕಿತ್ತುಕೊಂಡು ಹೊರಟುಹೋದ.

ಆಮೇಲೆ ತಿಂಗಳಿಗೊಮ್ಮೆ ನರ್ಸ್ ತೆಗೆದ ಅವನ ರಕ್ತದ ಟ್ಯೂಬು ಲ್ಯಾಬಿಗೆ ಬರುತ್ತಿತ್ತು, ಮಾತ್ರೆಯಿಂದ ಲಿವರಿಗೆ ತೊಂದರೆಯಾಗಿದೆಯೇ ಎಂದು ನೋಡಲು. ತರುತ್ತಿದ್ದದ್ದು ಅವನ ಅಕ್ಕ.

"ಮಾತ್ರೆ ತಪ್ಪಿಸ್ತಿಲ್ಲ ತಾನೇ ಅಕ್ಕಾ?"

"ಗೋಡೆಗೆಲ್ಲಾ ಗೀಟು ಹಾಕ್ಕೊಂಡು ನುಂಗ್ತಾನೆ. ಹುಟ್ಟಿದಾಗಿಂದ ನನ್ನ ಒಂದು ಮಾತು ಕೇಳಿದವನಲ್ಲ, ಈಗ ನೋಡು."

ಅವನೇ ಯಾಕೆ ಬರುವುದಿಲ್ಲ ಎಂದು ಕೇಳದೆ ಅವಳು ಟ್ಯೂಬಿಗೆ ನಂಬರು ಅಂಟಿಸಿದಳು. ನನ್ನ ಮುಖ ನೋಡುವುದೇ ಬೇಡ ಅವನಿಗೆ...

ಆರನೇ ತಿಂಗಳು ಟ್ಯೂಬು ಹಿಡಿದು ಬಂದವನು ಅವನೇ. ಇನ್ನೊಂದು ಕೈಯಲ್ಲಿ ಉಪಕರಣಗಳ ಚೀಲ.

"ಸ್ಟೂಲು ಕೊಡಿ."

ಕಾರಿಡಾರಿನಲ್ಲಿ ಕೂತು, ಗಿಡ್ಡ ಕಾಲಿಗೆ ಮರದ ಬಿಲ್ಲೆ ಕೂರಿಸಿದ. ತೋರುಬೆರಳು ಉಳಿಯನ್ನು ಒತ್ತಿ ಹಿಡಿದಿತ್ತು.

"ಕೋಪ ಹೋಯ್ತಾ?" ಅವಳು ಮೆಲ್ಲಗೆ ಕೇಳಿದಳು.

"ಅದು ಅವತ್ತೇ ಮನೆ ಮುಟ್ಟೋದ್ರೊಳಗೆ ಹೋಗಿತ್ತು."

"ಮತ್ತೆ ಇಷ್ಟು ದಿನ?"

"ಉಳಿ ಹಿಡಿಯೋಕೆ ಬಂದ್ಮೇಲೆ ಬರೋಣ ಅಂದ್ಕೊಂಡೆ. ದುಡಿಯೋ ಕೈ ಇಲ್ಲದೆ ಬಂದು ಏನಂತ ಕೇಳ್ಲಿ?" ಅವನು ತಲೆ ಎತ್ತಲಿಲ್ಲ. "ನಾನೂ ಅಳತೆ ತಪ್ಪಿದೀನಿ. ಬಣ್ಣ ಬಳಿದು ಮುಚ್ಚಿದೀನಿ. ನೀವು ಮುಚ್ಚಲಿಲ್ಲ. ಅಂಥವರ ಜೊತೆ ಬಾಳ್ಬೇಕು ಅನ್ನಿಸ್ತು."

ಅವಳು ಸ್ಟೂಲಿನ ಮೇಲೆ ಕೂತಳು. ಅದು ಅಲ್ಲಾಡಲಿಲ್ಲ. ಅವಳ ಧ್ವನಿಯೇ ಕೊಂಚ ಅಲುಗಿತು.

"ಮಾತ್ರೆ ಎಷ್ಟು ದಿನದ್ದು ಉಳಿದಿದೆ?"

"ಒಂಬತ್ತು."

"ಮುಗಿಸಿ. ಆಮೇಲೆ ಅಕ್ಕನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ಒಂಬತ್ತು ದಿನ ಕಾಯೋಕಾಗುತ್ತಲ್ವಾ?"

"ಕಾಯ್ತೀನಿ. ಒಂಬತ್ತನೇ ದಿನ ನನ್ನನ್ನೂ ಕಸಕ್ಕೆ ಹಾಕ್ಬೇಡಿ, ಅಷ್ಟೇ."