ಜೇಬು ತಡವಿದ ದ್ರೋಹಿ

ಬುಧವಾರ ಬೆಳಗ್ಗೆ ಠಾಣೆಗೆ ಬಂದ ದೂರು ಇಷ್ಟು: ಹಿಂದಿನ ಸಂಜೆ ಸರ್ಕಾರಿ ಚಿತ್ರಮಂದಿರದಲ್ಲಿ ಪ್ರೇಕ್ಷಕರು ಅತ್ತಿದ್ದಾರೆ.

ದೂರು ತಂದವನು ಚಿತ್ರಮಂದಿರದ ಮ್ಯಾನೇಜರ್. ಕೋಟಿಗೆ ಇಸ್ತ್ರಿಯಾಗಿತ್ತು, ಮುಖಕ್ಕೆ ಆಗಿರಲಿಲ್ಲ.

“ಎಷ್ಟು ಜನ?” ಇನ್‌ಸ್ಪೆಕ್ಟರ್ ಕೇಳಿದ.

“ಬಾಲ್ಕನಿ ಪೂರ್ತಿ ಸಾರ್. ಮುಂದಿನ ಬೆಂಚಿನೋರಂತೂ ಮೂಗು ಕೂಡ ಸೀಟಿದ್ರು.”

“ಯಾವ ಸೀನಿಗೆ?”

“ದ್ರೋಹೀಗೆ ಗುಂಡು ಹೊಡೆಯೋ ಸೀನಿಗೆ.”

“ಅಲ್ಲಿ ಜನ ಏನು ಮಾಡ್ಬೇಕು?”

“ಚಪ್ಪಾಳೆ ಸಾರ್. ಪರದೆ ಪಕ್ಕ ಕೆಂಪು ದೀಪ ಹತ್ತುತ್ತಲ್ಲ, ಆಗ. ನಿನ್ನೇನೂ ಹತ್ತಿತ್ತು. ಚಪ್ಪಾಳೆ ಹೊಡ್ಕೊಂಡೇ ಅತ್ರು.”

ಇನ್‌ಸ್ಪೆಕ್ಟರ್ ದಫೇದಾರನ ಕಡೆ ನೋಡಿದ. ದಫೇದಾರ ಸೂರು ನೋಡಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಆತ ಕಲಿತ ವಿದ್ಯೆ ಅದೊಂದೇ, ಮತ್ತು ಅದರಲ್ಲಿ ಪಳಗಿದ್ದ. ಅನುಚಿತ ಭಾವಪ್ರದರ್ಶನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಈ ಕಾಯ್ದೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಮೂವತ್ತೊಂದು ವರ್ಷದ ಹಿಂದೆ ಸೈನ್ಯದ ಲಾರಿ ವಿಭಾಗದ ಒಬ್ಬ ಕರ್ನಲ್ ರೇಡಿಯೊ ಕೇಂದ್ರಕ್ಕೆ ನುಗ್ಗಿದ. ಕಾವಲುಗಾರ ಬಾಗಿಲಿಗೆ ಚಿಲಕ ಹಾಕಿದ್ದರೆ ಕತೆ ಅಲ್ಲೇ ಮುಗಿದು, ಕರ್ನಲ್ ಇಷ್ಟು ಹೊತ್ತಿಗೆ ಪಿಂಚಣಿಗೆ ಅರ್ಜಿ ಬರೆದುಕೊಂಡಿರುತ್ತಿದ್ದ. ಕಾವಲುಗಾರ ಟೀ ಕುಡಿಯಲು ಹೋಗಿದ್ದ. ಕರ್ನಲ್ ‘ರಕ್ಷಕ’ರಾದರು. ಆಮೇಲೆ ರಕ್ಷಕರಿಗೆ ವಯಸ್ಸಾಗತೊಡಗಿತು, ಅದನ್ನು ಯಾವ ಕಾಯ್ದೆಯಿಂದಲೂ ತಡೆಯಲಾಗಲಿಲ್ಲ. ಹಾಗಾಗಿ ಅವರು ಜನರೆದುರು ಬರುವುದನ್ನು ಬಿಟ್ಟು ಕಾರ್ಟೂನ್ ಸಿನಿಮಾಗಳಲ್ಲಿ ಮಾತ್ರ ಬರತೊಡಗಿದರು. ಅಲ್ಲಿ ಅವರಿಗೆ ಯಾವತ್ತೂ ಮೂವತ್ತೈದು. ಭುಜ ಬಾಗಿಲಿನಷ್ಟು ಅಗಲ, ಹಲ್ಲು ಸಾಲಾಗಿ ಬಿಳಿ. ವರ್ಷಕ್ಕೊಂದು ಸಿನಿಮಾ. ಪ್ರತಿ ಸಿನಿಮಾದಲ್ಲೂ ಒಬ್ಬ ದ್ರೋಹಿ. ನೋಡುವುದು ಕಡ್ಡಾಯ.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಸೀಟುಗಳ ಕೆಳಗೆ ಏಳು ಕರವಸ್ತ್ರ ಸಿಕ್ಕವು.

“ಸಾರ್, ಒದ್ದೆ ಅಂತ ಬರೀಲಾ? ಈಗ ಒಣಗಿಬಿಟ್ಟಿದೆ.”

“‘ಒದ್ದೆಯಾಗಿದ್ದು ಒಣಗಿದ’ ಅಂತ ಬರೀರಿ.”

ದಫೇದಾರ ಹಾಗೇ ಬರೆದ. ಪಂಚರಾಗಿ ಸಹಿ ಹಾಕಿದವರು ಇಬ್ಬರು: ಮ್ಯಾನೇಜರ್ ಮತ್ತು ಬಾಗಿಲಲ್ಲಿ ಟಿಕೆಟ್ ಹರಿಯುವ ಹೆಂಗಸು. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು.

“ಈರುಳ್ಳಿ ಹೆಚ್ಚಿದೆ ಸಾರ್,” ಎಂದಳು, ಯಾರೂ ಕೇಳುವ ಮೊದಲೇ.

ಖಾಲಿ ಸಭಾಂಗಣದಲ್ಲಿ ಆ ಸೀನು ಹಾಕಿಸಿದರು. ದ್ರೋಹಿ ಗೋಡೆಯತ್ತ ನಡೆದು ಬರುತ್ತಾನೆ. ಎಲ್ಲ ದ್ರೋಹಿಗಳಂತೆ ಇವನಿಗೂ ಗಿಣಿಮೂಗು, ಚಿಕ್ಕ ಕಣ್ಣು. ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಆಗ ಅವನ ಬಲಗೈ ಎದೆಯ ಜೇಬಿಗೆ ಹೋಗುತ್ತದೆ. ಎರಡು ಸಲ ತಟ್ಟುತ್ತದೆ. ಏನೂ ಇಲ್ಲ. ಕೈ ಹಣೆಯವರೆಗೆ ಏರಿ, ಅಲ್ಲೂ ತಡವಿ, ಇಳಿಯುತ್ತದೆ. ಅವನು ಬಾಯಿಯ ಒಂದು ಮೂಲೆಯಲ್ಲಿ ನಗುತ್ತಾನೆ, ಇವತ್ತೂ ಎಲ್ಲೋ ಮರೆತು ಬಂದೆನಲ್ಲ ಎಂಬಂತೆ. ಗುಂಡಿನ ಶಬ್ದ. ಕೆಂಪು ದೀಪ.

“ಇನ್ನೊಂದ್ಸಲ,” ಎಂದ ಇನ್‌ಸ್ಪೆಕ್ಟರ್.

ಇನ್ನೊಂದು ಸಲ ಹಾಕಿದರು. ಆಮೇಲೆ ಮತ್ತೊಂದು ಸಲ.

“ಏನು ಹುಡುಕ್ತಿದಾನೆ ಅವನು?” ಕತ್ತಲಲ್ಲೇ ಇನ್‌ಸ್ಪೆಕ್ಟರ್ ಕೇಳಿದ.

“ಬೀಡಿ ಸಾರ್,” ಎಂದ ಮ್ಯಾನೇಜರ್. “ಕೊನೇ ಬೀಡಿ.”

“ಬೀಡಿನಾ? ಮಗೂ ಫೋಟೋ,” ಎಂದಳು ಟಿಕೆಟ್ ಹೆಂಗಸು, ಮತ್ತೆ ಈರುಳ್ಳಿ ಹೆಚ್ಚುತ್ತ.

“ರೇಷನ್ ಕಾರ್ಡು ಸಾರ್,” ಎಂದ ದಫೇದಾರ. “ಕ್ಯೂನಲ್ಲಿ ನಿಂತಾಗ ನಾನೂ ಹಂಗೇ ತಡಕಾಡ್ತೀನಿ. ಮನೆಯವಳು ಬೈತಾಳೆ.”

ಇನ್‌ಸ್ಪೆಕ್ಟರ್ ಹೊರಗೆ ಬಂದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಗುರುವಾರ ಚಿತ್ರಶುದ್ಧಿ ಮಂಡಳಿಯ ಅಧ್ಯಕ್ಷರ ವಿಚಾರಣೆ. ಅಧ್ಯಕ್ಷರು ಮೊದಲು ಸೈನ್ಯದಲ್ಲಿ ಕುದುರೆ ಡಾಕ್ಟರಾಗಿದ್ದವರು. ರಕ್ಷಕರ ಕುದುರೆ ಸತ್ತ ಮೇಲೆ ಬಡ್ತಿ ಕೊಟ್ಟು ಇವರನ್ನು ಕಲೆಗೆ ವರ್ಗ ಮಾಡಿದ್ದರು. ಕುದುರೆಗಳ ಮಟ್ಟಿಗೆ ಒಳ್ಳೆಯದೇ ಆಯಿತು.

“ಸೀನು ಪಾಸು ಮಾಡಿದ್ದು ನೀವೇನಾ?”

“ನಾವೇ. ಒಂದೊಂದು ಚಿತ್ರಾನೂ ಕೈಯಲ್ಲಿ ಹಿಡಿದು, ದೀಪಕ್ಕೆ ಒಡ್ಡಿ ನೋಡಿ, ಸೀಲು ಹೊಡೆದಿದೀವಿ. ನೋಡಿ.” ಕಪಾಟು ತೆಗೆದರು. ಸಾವಿರಾರು ಕಾಗದ, ಸಾವಿರಾರು ನೇರಳೆ ಸೀಲು. “ಇದರಲ್ಲಿ ಕೈ ಜೇಬಿನ ಮೇಲಿದೆ. ತಪ್ಪೇನು? ಇದರಲ್ಲಿ ಕೈ ಗಾಳೀಲಿದೆ. ತಪ್ಪೇನು? ಇದರಲ್ಲಿ ತುಟಿ ಸ್ವಲ್ಪ ಸೊಟ್ಟ. ದ್ರೋಹಿ ತುಟಿ, ಸೊಟ್ಟಗೇ ಇರ್ಬೇಕು.”

“ಓಡಿಸಿ ನೋಡ್ಲಿಲ್ವಾ?”

“ಓಡಿಸೋದು ನಮ್ಮ ಕೆಲಸ ಅಲ್ಲ ರೀ. ನಾವು ಕಾಗದ ನೋಡೋರು.”

ದೇಶದ ಅತ್ಯುನ್ನತ ಕಾವಲು ಮಂಡಳಿ ಹೀಗೆ ಒಂದೊಂದೇ ಕಾಗದ ಹಿಡಿದು, ಕಾಗದಕ್ಕೂ ಕಾಗದಕ್ಕೂ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ನಡೆದುಹೋಗುವುದಕ್ಕೆ ಸೀಲು ಹೊಡೆದುಕೊಟ್ಟಿತ್ತು.

“ದ್ರೋಹೀನ ಬರೆದಿದ್ದು ಯಾರು?”

“ಆ ಅಕ್ಕ. ಚಿತ್ರಶಾಲೇಲಿ ಎಲ್ಲರೂ ಹಂಗೇ ಕರೆಯೋದು. ರಕ್ಷಕರನ್ನ ಬರೆದೋರಿಗೆ ಕ್ವಾರ್ಟರ್ಸು ಸಿಗುತ್ತೆ, ಅದಕ್ಕೆ ನೂಕುನುಗ್ಗಲು. ದ್ರೋಹೀನ ಯಾರೂ ಮುಟ್ಟಲ್ಲ. ಈಯಮ್ಮ ಮಾತ್ರ ತಾನಾಗೇ ಕೇಳಿ ಇಸ್ಕೊಂಡ್ಳು. ಶುರುನಲ್ಲಿ ಅವನಿಗೆ ಕನ್ನಡಕ ಬರೆದಿದ್ಳು, ನಾನೇ ತೆಗೆಸಿದೆ. ಕನ್ನಡಕ ಹಾಕಿದ್ರೆ ಓದಿದೋನು ಅನ್ಸುತ್ತೆ. ದ್ರೋಹಿ ಯಾಕ್ರೀ ಓದಿರ್ಬೇಕು?”

ಈ ಕನ್ನಡಕದ ಮಾತು ದಫೇದಾರನ ಕಿವಿಗೆ ಬೀಳಲಿಲ್ಲ. ಆತ ಹೊರಗೆ ಜೀಪಿನವನ ಜೊತೆ ಹರಟುತ್ತಿದ್ದ. ಕೇಳಿಸಿಕೊಂಡ ಇನ್‌ಸ್ಪೆಕ್ಟರ್ ಅದನ್ನು ಟಿಪ್ಪಣಿಯಲ್ಲಿ ಸೇರಿಸಲಿಲ್ಲ.

ಚಿತ್ರಶಾಲೆ ಎಂದರೆ ಹಳೆಯ ಉಗ್ರಾಣ. ಉದ್ದಕ್ಕೆ ಮೇಜು, ಮೇಜಿನ ಗಾಜಿನ ಕೆಳಗೆ ದೀಪ. ಪ್ರತಿ ಮೇಜಿಗೂ ಒಂದೊಂದು ಕೈಗನ್ನಡಿ. ಪಾತ್ರದ ಮುಖಭಾವ ಬರೆಯಬೇಕಾದರೆ ಮೊದಲು ತಾವೇ ಆ ಮುಖ ಮಾಡಿ ನೋಡಿಕೊಳ್ಳುವುದು ಇವರ ಪದ್ಧತಿ. ಒಳಗೆ ಕಾಲಿಟ್ಟಾಗ ನಲವತ್ತು ಜನ ಕನ್ನಡಿ ನೋಡಿಕೊಂಡು ವೀರಾವೇಶ ಬರಿಸಿಕೊಳ್ಳುತ್ತಿದ್ದರು. ಇನ್‌ಸ್ಪೆಕ್ಟರನ್ನು ಕಂಡದ್ದೇ ಕನ್ನಡಿ ನೋಡದೆಯೇ ಎಲ್ಲರಿಗೂ ಒಂದೇ ಮುಖ ಬಂತು.

ಅಕ್ಕ ಕಿಟಕಿ ಪಕ್ಕ ಕೂತಿದ್ದಳು. ಐವತ್ತರ ಹತ್ತಿರ, ಬೆರಳಲ್ಲಿ ಮಸಿ.

“ಸಾರ್,” ದಫೇದಾರ ಪಿಸುಗುಟ್ಟಿದ, “ಈಯಮ್ಮ ನಮ್ಮ ಠಾಣೆಗೆ ಬರ್ತಿದ್ರು. ತಮ್ಮ ಕಾಣೆ ಅಂತ. ಭಾಳ ಸಲ.”

“ದೂರು ತಗೊಂಡ್ರಾ?”

“ಎಲ್ಲಿ ಸಾರ್! ಅಂಥೋನೊಬ್ಬ ಇದ್ದ ಅಂತಲೇ ದಾಖಲೆ ಇರ್ಲಿಲ್ಲ. ಮೊದಲು ಇದ್ದ ಅಂತ ಸಾಬೀತು ಮಾಡಮ್ಮ, ಆಮೇಲೆ ಕಾಣೆಯಾಗ್ಲಿ ಅಂತ ಕಳಿಸ್ತಿದ್ದೆ.”

ಅವಳು ತಲೆಯೆತ್ತಿದಳು. “ಚೆನ್ನಾಗಿದೀರಾ ದಫೇದಾರ್ರೇ? ಮೊಣಕಾಲು ನೋವು ಹೋಯ್ತಾ?”

“ಇದೆ ಕಣಮ್ಮ, ಹಂಗೇ ಇದೆ,” ಎಂದ ದಫೇದಾರ, ತಾನು ಯಾಕೆ ಬಂದಿದ್ದೇನೆಂದು ಮರೆತು.

ಇನ್‌ಸ್ಪೆಕ್ಟರ್ ಸ್ಟೂಲು ಎಳೆದು ಕೂತ.

“ದ್ರೋಹೀನ ಬರೆದಿದ್ದು ನೀವಾ?”

“ಹೌದು.”

“ಯಾರನ್ನ ನೋಡಿ?”

“ಕನ್ನಡಿ ನೋಡಿ. ಎಲ್ಲರೂ ಹಂಗೇ ಬರೆಯೋದು.”

“ಸುಳ್ಳು ಹೇಳ್ಬೇಡಿ. ಯಾರೋ ಒಬ್ಬರ ಅಭ್ಯಾಸ ಅದು. ಸಾಯೋಕೆ ನಿಂತೋನು ಕನ್ನಡಕ ಹುಡುಕೋ ಹಂಗೆ ಯಾಕೆ ಬರೆದ್ರಿ?”

ಅಕ್ಕ ಪೆನ್ಸಿಲ್ ಕೆಳಗಿಟ್ಟಳು, ಉರುಳದಂತೆ ಜೋಪಾನವಾಗಿ.

“ಕನ್ನಡಕ ಅಂತ ಯಾರು ಹೇಳಿದ್ರು ನಿಮಗೆ?”

“ನೋಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗಲ್ಲ. ಆ ಬೊಂಬೆಗೆ ಕನ್ನಡಕವೇ ಇಲ್ಲ. ಇಲ್ಲಿ ನಲವತ್ತು ಜನ ನೋಡಿದ್ರು. ಬೀಡಿ ಅಂದ್ರು, ಪೆನ್ನು ಅಂದ್ರು, ಔಷಧಿ ಚೀಟಿ ಅಂದ್ರು. ದಫೇದಾರ್ರೇ, ನಿಮಗೇನು ಅನ್ಸ್ತು?”

“ರೇಷನ್ ಕಾರ್ಡು,” ಎಂದ ದಫೇದಾರ, ಸತ್ಯವಂತನಂತೆ.

“ನೋಡಿ. ಕನ್ನಡಕ ಅಂದಿದ್ದು ನೀವೊಬ್ರೇ.”

“ನಿಮ್ಮ ಅಧ್ಯಕ್ಷರು ಹೇಳಿದ್ರು. ನೀವೇ ಕನ್ನಡಕ ಬರೆದಿದ್ರಂತೆ, ಅವರು ತೆಗೆಸಿದ್ರಂತೆ.” ಜಾರುವವನಿಗೆ ಕಂಬ ಸಿಕ್ಕಿದಂತಾಗಿತ್ತು.

“ಕನ್ನಡಕ ತೆಗೆಸಿದ್ರು, ಸರಿ. ನನ್ನ ತಮ್ಮ ಅದನ್ನ ಹಣೆ ಮೇಲೆ ಏರಿಸ್ಕೊಂಡು ಜೇಬೆಲ್ಲ ಹುಡುಕ್ತಿದ್ದ ಅಂತ ಅವರಿಗೆ ಗೊತ್ತಿಲ್ಲ. ಅವರಿಗೆ ಕೈ ಅಂದ್ರೆ ಕೈ, ಹಣೆ ಅಂದ್ರೆ ಹಣೆ. ಈ ಎರಡನ್ನೂ ಸೇರಿಸಿ ನೋಡೋದು, ಅವನ ಎದುರು ಕೂತಿದ್ದೋರು ಮಾತ್ರ.” ಅವಳ ದನಿ ಏರಲಿಲ್ಲ. “ಒಂಬತ್ತು ವರ್ಷ ಆಯ್ತು. ನಿಮ್ಮಲ್ಲಿ ಯಾರು ಕರ್ಕೊಂಡು ಹೋದ್ರು ಅಂತ ಕೇಳಿಕೇಳಿ ಸಾಕಾಯ್ತು. ಅದಕ್ಕೆ ಕರ್ಕೊಂಡು ಹೋದೋರೇ ಬರ್ಲಿ ಅಂತ ಬರೆದೆ.”

ಜನರ ಬಾಯಿ ಬಿಡಿಸುವುದರಲ್ಲಿ ಎರಡು ಪದಕ ಪಡೆದ ಇನ್‌ಸ್ಪೆಕ್ಟರ್ ಒಂದು ಪೆನ್ಸಿಲಿಗೆ ಬಾಯಿ ಬಿಟ್ಟಿದ್ದ.

ಆಕೆಯ ತಮ್ಮ ಹಲ್ಲಿನ ಡಾಕ್ಟರು. ಯಾರದೋ ಮದುವೆ ಊಟದಲ್ಲಿ ಪಕ್ಕದವನಿಗೆ, ರಕ್ಷಕರ ಬಾಯಲ್ಲಿ ಸ್ವಂತದ್ದು ಅಂತ ಇರುವುದು ನಾಲಿಗೆ ಮಾತ್ರ ಎಂದಿದ್ದ. ಮೇಲಿನ ಕೆಳಗಿನ ಎರಡೂ ಹಲ್ಲುಸೆಟ್ಟು ಅವನೇ ಮಾಡಿಕೊಟ್ಟಿದ್ದರಿಂದ ವದಂತಿ ಎನ್ನುವಂತಿರಲಿಲ್ಲ; ರಾಜ್ಯರಹಸ್ಯವಾಯಿತು. ಸಂಜೆ ಜೀಪು ಹೋಯಿತು. ಮರುದಿನ ಅವನ ಕ್ಲಿನಿಕ್ಕಿನ ಬೋರ್ಡು ಇಳಿದು ಕಾಲುಚೀಲದ ಅಂಗಡಿಯಾಯಿತು. ಅಕ್ಕಪಕ್ಕದವರೆಲ್ಲ ಅಲ್ಲಿ ಮೊದಲಿಂದಲೂ ಕಾಲುಚೀಲವೇ ಮಾರುತ್ತಿದ್ದರೆಂದು ಹೇಳಿಕೆ ಕೊಟ್ಟರು, ಕೆಲವರು ಅವನೇ ಕಟ್ಟಿದ ಹಲ್ಲಿಂದ.

ಠಾಣೆಗೆ ವಾಪಸಾಗಿ ಇನ್‌ಸ್ಪೆಕ್ಟರ್ ಮೇಲಿನ ಸಾಹೇಬರಿಗೆ ಫೋನು ಮಾಡಿದ. ಅಕ್ಕ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಆ ಬೆಂಚು ಅವಳಿಗೆ ಹೊಸದಲ್ಲ.

“ಸಿಕ್ಕಿದ್ದಾಳಲ್ಲ, ಇನ್ನೇನ್ರೀ ನಿಮ್ಮದು?” ಸಾಹೇಬರ ದನಿ ಕೋಣೆಗೆಲ್ಲ ಕೇಳುತ್ತಿತ್ತು. “ಸಂಜೆಯೊಳಗೆ ಅರೆಸ್ಟ್ ತೋರ್ಸಿ. ಮೇಲಿಂದ ಒಂದೇ ಸಮ ಪ್ರಾಣ ತಿಂತಿದಾರೆ.”

“ಸಾರ್, ಬೊಂಬೆ ಯಾರನ್ನ ಹೋಲುತ್ತೆ ಅಂತ ಬರೆಯದೇ ಈ ಸೆಕ್ಷನ್ ನಿಲ್ಲಲ್ಲ. ಶಿಕ್ಷೆಯಾದೋನನ್ನ ಹೋಲಿದ್ರೇನೇ ಬರೆದೋರ ಮೇಲೆ ಕೇಸು. ನಮ್ಮ ದಾಖಲೆ ಪ್ರಕಾರ ಅಂಥೋನೇ ಇಲ್ಲ.”

“ಬರೀರಿ.”

“ಕರ್ಕೊಂಡು ಬಂದಿದ್ದು ನಾನು ಸಾರ್. ನನ್ನ ಹೆಸರೂ ಬರೀಬೇಕಾಗುತ್ತೆ.”

“ಅದನ್ನೂ ಬರ್ಕೊಳ್ರೀ! ಯಾರು ಓದ್ತಾರೆ? ಸಹಿ ಹಾಕೋ ನಾನೇ ಓದಲ್ಲ.”

ಇನ್‌ಸ್ಪೆಕ್ಟರ್ ಫೋನು ಕೆಳಗಿಟ್ಟ. ಈ ಊರಲ್ಲಿ ಇಲ್ಲದವನನ್ನು ಇದ್ದ ಎಂದು ಬರೆದವನು ಮುಂದೊಂದು ದಿನ ತಾನೂ ಇಲ್ಲದವನಾಗುವ ಸಾಧ್ಯತೆ ಇತ್ತು. ಅವನ ಮನೆಯೂ ಯಾವತ್ತಾದರೂ ಕಾಲುಚೀಲದ ಅಂಗಡಿಯಾಗಬಹುದಿತ್ತು. ಬರೆಯದಿದ್ದರೆ ಇವಳನ್ನು ಬಿಡಬೇಕಿತ್ತು. ಬಿಟ್ಟರೆ ಸಾಹೇಬರು ಅವನನ್ನು ಬಿಡುತ್ತಿರಲಿಲ್ಲ. ಧೈರ್ಯದಿಂದ ಎಂದೂ ಒಂದು ಕೆಲಸ ಮಾಡದವನು ಹೆದರಿಕೆಯಿಂದಲೇ ಪೆನ್ನು ಎತ್ತಿಕೊಂಡ.

“ತಮ್ಮನ ಹೆಸರು ಹೇಳಿ.”

ಅವಳು ಹೇಳಿದಳು. ಅವನು ಬರೆದ. ಕರೆತಂದ ದಿನ ಬರೆದ, ಕರೆತಂದವರು ಯಾರೆಂದು ಬರೆದ. ‘ಲಾಕಪ್ಪಿಗೆ ಹಾಕುವ ಮುನ್ನ ನಿಯಮದಂತೆ ಕನ್ನಡಕ ತೆಗೆದುಕೊಳ್ಳಲಾಯಿತು’ ಎಂದು ಬರೆದ.

“ಕೇಳಿದ್ನಾ ಕನ್ನಡಕ?”

“ಕೇಳಿದ. ದಾರಿಯುದ್ದಕ್ಕೂ ಜೇಬು ತಡಕ್ತಿದ್ದ.”

“ನೀವೇನಂದ್ರಿ?”

“ಬೆಳಗ್ಗೆ ಕೊಡ್ತೀನಿ ಅಂದೆ.”

ಅಕ್ಕ ಬೆರಳಿನ ಮಸಿ ಉಜ್ಜಿಕೊಂಡಳು.

“ಎಲ್ಲಿ?”

“ಹಳೇ ಇಟ್ಟಿಗೆ ಗೂಡಿನ ಹಿಂದೆ. ಗೋಡೆ ಇದೆ ಅಲ್ಲಿ.”

“ಬರೀರಿ ಅದನ್ನೂ.”

ಬರೆದ. ದಫೇದಾರ ಈ ಸಲ ಸೂರು ನೋಡಲಿಲ್ಲ. ಒಂದು ಲೋಟ ನೀರು ತಂದು ಅವಳ ಪಕ್ಕ ಇಟ್ಟು, “ಕುಡೀರಮ್ಮ,” ಎಂದ. ಅವಳು ಇಡೀ ಹೇಳಿಕೆಯನ್ನು ಒಂದೊಂದು ಸಾಲೂ ಓದಿದಳು, ತಮ್ಮನ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಕೊಂಬು ತಿದ್ದಿಸಿದಳು, ಸಹಿ ಹಾಕಿದಳು. ಸಂಜೆ ಐದಕ್ಕೆ ದಸ್ತಗಿರಿ. ಆರು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಬಾಗಿಲು ದಾಟುವಾಗ ಅವಳ ನಡಿಗೆ, ಬಹಳ ದಿನದಿಂದ ಬಾಕಿಯಿದ್ದ ಕೆಲಸ ಮುಗಿಸಿ ಕಚೇರಿಯಿಂದ ಹೊರಡುವವರ ಹಾಗಿತ್ತು.

ಆ ಸಿನಿಮಾದ ರೀಲುಗಳನ್ನೆಲ್ಲ ಸುಡಬೇಕೆಂದು ಆದೇಶ ಬಂತು. ಸುಡುವ ಮೊದಲು ಸಾಕ್ಷ್ಯಕ್ಕಾಗಿ ಒಂದೊಂದು ಪ್ರತಿ ಬೇಕೆಂದು ಹನ್ನೊಂದು ಇಲಾಖೆಗಳು ಬರೆದವು. ಹನ್ನೊಂದು ಪ್ರತಿ ಮಾಡಿಸಲಾಯಿತು. ಎಲ್ಲ ಇಲಾಖೆಗಳಲ್ಲೂ ಅದನ್ನು ಅತ್ಯಂತ ಗುಟ್ಟಾಗಿ, ಮನೆಮಂದಿಯ ಸಮೇತ ಪರಿಶೀಲಿಸಲಾಯಿತೆಂದು ತಿಳಿಯುತ್ತದೆ.

ಆರೋಪಪಟ್ಟಿಯಲ್ಲಿ ‘ಅಪರಾಧಕ್ಕೆ ಪ್ರೇರಣೆ’ ಎಂಬ ಕಲಮಿತ್ತು. ಅದರ ಕೆಳಗೆ ಮೊದಲೇ ಮುದ್ರಿಸಿದ ಮೂರು ಉತ್ತರ: ಹಣದಾಸೆ, ವಿದೇಶಿ ಕೈವಾಡ, ಬುದ್ಧಿಭ್ರಮಣೆ. ಇನ್‌ಸ್ಪೆಕ್ಟರ್ ಮೂರನ್ನೂ ಹೊಡೆದುಹಾಕಿ, ಅಂಚಿನಲ್ಲಿ ಉಳಿದ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದ: ‘ಈಕೆ ಈ ಠಾಣೆಗೆ ದೂರು ಕೊಡಲು ಬಂದಿದ್ದರು. ತೆಗೆದುಕೊಂಡಿರಲಿಲ್ಲ.’

ಸಾಹೇಬರು ಓದದೆ ಸಹಿ ಹಾಕಿದರು.